ಪೋಖ್ರಾನಿನ ಮುಂದಿನ ಕಂತು

"ಕೊನೇ ಕಂತು ನಂದಿನ್ನೂ ಮುಗೀಲಿಲ್ಲ, ಯಾರೂ ಬಾಯಿ ಬಿಡಬೇಡಿ!"

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಜಗಲಿಯಲ್ಲಿ ಕೂತವರಿಗೆ ಅವಳಿಗಾಗಿ ಕಾಯುವ ತಾಳ್ಮೆ ಇರಲಿಲ್ಲ. 2023ರ ಮಾರ್ಚ್ 22, ಯುಗಾದಿಯ ಸಂಜೆ. ವಿಜ್ಞಾನಿಗಳಾದ ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಅವರ ಕಥೆ ಹೇಳುವ 'ರಾಕೆಟ್ ಬಾಯ್ಸ್' ಸರಣಿಯ ಎರಡನೇ ಭಾಗದ ಎಂಟೂ ಕಂತುಗಳು ಸೋನಿ ಲಿವ್‌ನಲ್ಲಿ ಒಟ್ಟಿಗೇ ಬಿಡುಗಡೆಯಾಗಿ ಇನ್ನೂ ವಾರ ತುಂಬಿರಲಿಲ್ಲ. ಅಂಕೋಲೆಯ ಆ ಮನೆಯ ಬಾಗಿಲಿಗೆ ಬೆಳಿಗ್ಗೆ ಕಟ್ಟಿದ ಮಾವಿನ ತೋರಣ ಬಿಸಿಲಿಗೆ ಬಾಡಿತ್ತು. ಪಡುವಣದಿಂದ ಕಡಲಗಾಳಿ ಸಣ್ಣಗೆ ಬೀಸುತ್ತಿತ್ತು. ಊಟದ ಭಾರ ಇಳಿಯಲಿ ಎಂದು ಒಳಗಿನಿಂದ ಕಷಾಯದ ಲೋಟಗಳು ಬಂದವು. ಮಾತು ಮಾತ್ರ 1966ರ ಆಲ್ಪ್ಸ್ ಪರ್ವತದ ಮೇಲೆ ನಿಂತುಬಿಟ್ಟಿತ್ತು.

"ಭಾಭಾ ಇದ್ದ ವಿಮಾನ ಬೀಳಿಸಿದ್ದು ಅಮೆರಿಕದವ್ರೇ. ಅಷ್ಟು ಸ್ಪಷ್ಟ ತೋರಿಸ್ಲಿಲ್ವಾ?" ಎಂದು ಕಾರವಾರದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ತರುಣ ಪಟ್ಟು ಹಿಡಿದ.

"ತೋರಿಸಿದ್ದೆಲ್ಲ ನಡೆದದ್ದೇ ಆಗ್ತದಾ ತಮಾ?" ಎಂದರು ಅಕ್ಕೋರು. ತಾಲೂಕಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಜಗಲಿಯಲ್ಲಿ ಅರ್ಧ ಜನ ಅವರ ವಿದ್ಯಾರ್ಥಿಗಳೇ. "1966ರ ಜನವರಿ 24. ಏರ್ ಇಂಡಿಯಾದ ಬೋಯಿಂಗ್ 707, ಹೆಸರು ಕಾಂಚನಜುಂಗಾ. ಜಿನೀವಾದಲ್ಲಿ ಇಳಿಯೂಕೆ ಮೊದ್ಲು ಮಾಂಟ್ ಬ್ಲಾಂಕ್‌ಗೆ ಬಡೀತು. ಒಳಗಿದ್ದ 117 ಜನರೂ ಹೋದ್ರು. ವಿಮಾನ ಎಲ್ಲಿದೆ ಅನ್ನೂದ್ರಲ್ಲಿ ಪೈಲಟ್‌ಗೂ ರೇಡಾರ್ ನೋಡುವವ್ರಿಗೂ ತಪ್ಪು ತಿಳಿವಳಿಕೆ ಆಯ್ತು ಅಂತ ವಿಚಾರಣೆ ಮಾಡಿದವ್ರು ಬರೆದ್ರು. ಸಂಶಯ ಪಡೂದು ಬೇರೆ, ಸಾಕ್ಷಿ ಬೇರೆ."

ತರುಣ ಒಪ್ಪಲಿಲ್ಲ. ಒಪ್ಪಬೇಕೆಂದು ಯಾರೂ ಒತ್ತಾಯಿಸಲೂ ಇಲ್ಲ. ನನಗನ್ನಿಸಿದ್ದು ಇಷ್ಟು: ಅಮೆರಿಕದ ಗೂಢಚಾರರ ಆ ಎಳೆ ಸರಣಿಯ ದುರ್ಬಲ ಭಾಗ. ಅದರ ನಿಜವಾದ ಬಲ ಇರುವುದು ಕಚೇರಿಯಲ್ಲಿ. ಮೇಜಿನ ಆಚೆ ಒಬ್ಬ, ಈಚೆ ಒಬ್ಬ ಕೂತು ದುಡ್ಡಿಗಾಗಿ, ಜಾಗಕ್ಕಾಗಿ, ಒಂದು ಸಹಿಗಾಗಿ ಜಗಳಾಡುವ ದೃಶ್ಯಗಳಲ್ಲಿ. ಜಿಮ್ ಸರಬ್ ಅವರ ಹೋಮಿ ಭಾಭಾ ಹುಬ್ಬು ಹಾರಿಸಿ ಮಾತಾಡಿದರೆ, ಇಶ್ವಾಕ್ ಸಿಂಗ್ ಅವರ ವಿಕ್ರಮ್ ಸಾರಾಭಾಯಿ ಮಾತು ನುಂಗಿಕೊಂಡು ನಿಲ್ಲುತ್ತಾರೆ. ಒಬ್ಬರಿಗೆ ಬಾಂಬು ಬೇಕು, ಇನ್ನೊಬ್ಬರಿಗೆ ಬೇಡ. ಇಬ್ಬರೂ ಗೆಳೆಯರು. ಅಭಯ್ ಪನ್ನು ನಿರ್ದೇಶನದ ಈ ಸರಣಿ ಹಳೆಯ ಕಾಲದ ಪ್ರಯೋಗಾಲಯವನ್ನು, ಅಲ್ಲಿ ದುಡಿಯುವವರ ಬದುಕನ್ನು ದೇಶದ ಮುಂದಿಟ್ಟಿತು. ಭಾಭಾ ಪಾತ್ರಕ್ಕಾಗಿ ಜಿಮ್ ಸರಬ್ 2023ರ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆದರು.

ಅಂಕೋಲೆ, ಕಾರವಾರದ ಕಡೆ ಇಂಥ ಚರ್ಚೆಗೆ ಬೇರೆಯದೇ ಕಾವು ಇದೆ. ಯಕ್ಷಗಾನ ನೋಡಿ, ತಾಳಮದ್ದಳೆ ಕೇಳಿ ಬೆಳೆದ ಜಿಲ್ಲೆ ಇದು. ಪ್ರಸಂಗದಲ್ಲಿ ಇಲ್ಲದ್ದನ್ನು ಅರ್ಥಧಾರಿ ಎಷ್ಟು ಸೇರಿಸಬಹುದು, ಯಾವ ಗೆರೆ ದಾಟಿದರೆ ಪಾತ್ರಕ್ಕೆ ಅನ್ಯಾಯ ಎಂಬುದನ್ನು ಬೆಳಗಿನ ಜಾವದವರೆಗೆ ಕೂತು ತೂಗಿದವರು ಇಲ್ಲಿನ ಪ್ರೇಕ್ಷಕರು. ಟಿ.ಎನ್. ಸೀತಾರಾಮ್ ಅವರ 'ಮುಕ್ತ' ಬರುತ್ತಿದ್ದ ದಿನಗಳಲ್ಲಿ ಕೋರ್ಟಿನ ದೃಶ್ಯ ಮುಗಿದ ಮೇಲೆ ಮನೆಮನೆಯಲ್ಲೂ ಇನ್ನೊಂದು ಕೋರ್ಟು ನಡೆಯುತ್ತಿತ್ತು. ಅದೇ ರೂಢಿ ಈಗ ಮೊಬೈಲಿನಲ್ಲಿ ನೋಡುವ ಸರಣಿಗೂ ಬಂದಿದೆ.

ಅಕ್ಕೋರಿಗೆ ಆ ಗೆರೆ ದಾಟಿದಂತೆ ಕಂಡದ್ದು ರಝಾ ಮೆಹ್ದಿಯ ವಿಷಯದಲ್ಲಿ. ದಿಬ್ಯೇಂದು ಭಟ್ಟಾಚಾರ್ಯ ಮಾಡಿದ ಆ ಪಾತ್ರ ಕಲ್ಪಿತ. ಕಲ್ಕತ್ತೆಯ ವಿಜ್ಞಾನಿ, ಸೈಕ್ಲೋಟ್ರಾನ್ ಕಟ್ಟುವ ಹಂಬಲ, ಸಂಸತ್ತಿನಲ್ಲಿ ಭಾಭಾ ವಿರುದ್ಧ ದನಿ. ಇಷ್ಟು ಕೇಳಿದರೆ ಮೇಘನಾದ ಸಹಾ ನೆನಪಾಗದೆ ಇರುವುದಿಲ್ಲ. "ಢಾಕಾದ ಹತ್ತಿರದ ಬಡವರ ಮನೆ ಹುಡುಗ. ಜಾತಿ ಕಾರಣಕ್ಕೆ ಹಾಸ್ಟೆಲಿನಲ್ಲಿ ಅವಮಾನ ಉಂಡವರು. ನಕ್ಷತ್ರದ ಬೆಳಕು ನೋಡಿ ಅದರ ಹೊರಮೈಯ ಉಷ್ಣತೆ ಹೇಳೂದು ಅವರ ಸಮೀಕರಣದಿಂದ ಸಾಧ್ಯ ಆಯ್ತು. ಪಕ್ಷೇತರರಾಗಿ ಗೆದ್ದು 1952ರ ಲೋಕಸಭೆಗೆ ಹೋದ್ರು. ಅಣುಶಕ್ತಿ ಕೆಲಸ ಗುಟ್ಟಾಗಿ ಎಂತಕ್ಕೆ, ವಿಶ್ವವಿದ್ಯಾಲಯಗಳನ್ನ ಎಂತಕ್ಕೆ ದೂರ ಇಡ್ತೀರಿ ಅಂತ ಕೇಳಿದ್ರು. ಅದು ಮತ್ಸರ ಅಲ್ಲ, ಪ್ರಶ್ನೆ. ಪ್ರಶ್ನೆ ಕೇಳಿದವ್ರನ್ನ ಹೊಟ್ಟೆಕಿಚ್ಚಿನವ್ರ ಹಾಗೆ ತೋರಿಸಿದ್ರೆ ಮಕ್ಕಳು ಎಂತ ಕಲೀತಾರೆ?"

ಜಗಲಿ ಕ್ಷಣ ಸುಮ್ಮನಾಯಿತು. ಅಕ್ಕೋರ ಮಾತಿನಲ್ಲಿ ಸತ್ಯವಿತ್ತು. ಸರಣಿ ಬಂದಾಗ ಹಲವು ವಿಮರ್ಶಕರು ಎತ್ತಿದ ಆಕ್ಷೇಪವೂ ಇದೇ.

ಮಾತನ್ನು ಕೊನೆಯ ಕಂತಿಗೆ ಎಳೆದು ತಂದದ್ದು ಮನೆಯ ಅಳಿಯ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಮಾಡುವವನು. ಅಲ್ಲಿಯವರೆಗೆ ಅವನು ಬಾಯಿ ತೆರೆದಿರಲಿಲ್ಲ. ಅತ್ತೆಮನೆಯಲ್ಲಿ ಹಿರಿಯರ ಮಾತು ಮುಗಿಯಲಿ ಎಂದು ಕಾಯುವ ಸ್ವಭಾವ.

"ಮಾವಾ, ಬಾಂಬು ಸಿಡಿದಲ್ಲಿಗೆ ಅವ್ರು ಕಥೆ ಮುಗಿಸಿದ್ರು. ನಮ್ಮ ಪ್ಲಾಂಟಿನ ಕಥೆ ಸುರುವಾಗೂದೇ ಅಲ್ಲಿಂದ."

ಆ ಸಂಜೆ ನಾನು ಕೇಳಿದ ಮಾತುಗಳಲ್ಲಿ ತೂಕದ್ದು ಇದು. ಸರಣಿ ಹೋಗಿ ನಿಲ್ಲುವುದು ಪೋಖ್ರಾನಿನ ಮರಳಿನಲ್ಲಿ. 1974ರ ಮೇ 18, ಬೆಳಿಗ್ಗೆ 8 ಗಂಟೆ 5 ನಿಮಿಷ. ಭಾಭಾ ಹೋಗಿ ಎಂಟು ವರ್ಷವಾಗಿತ್ತು, ಸಾರಾಭಾಯಿ 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡಿದ್ದರು. ಸ್ಫೋಟದ ತಂಡವನ್ನು ಮುನ್ನಡೆಸಿದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಪಿಯಾನೋ ನುಡಿಸುವ ಭೌತವಿಜ್ಞಾನಿ. ನೆಲ ನಡುಗಿತು, ಪರದೆಯ ಮೇಲೆ ಸಂಭ್ರಮ. ನೋಡುಗರ ಕಣ್ಣಲ್ಲಿ ನೀರು. ಅಲ್ಲಿಗೆ ಶುಭಂ.

ಆದರೆ ಆ ಸ್ಫೋಟಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು ಕೆನಡಾದ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ ಸೈರಸ್ ರಿಯಾಕ್ಟರಿನಿಂದ. ಕೆನಡಾ ಕೆರಳಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಎರಡನೇ ಘಟಕದ ಕೆಲಸ ನಡೆಯುತ್ತಿದ್ದಾಗಲೇ ನೆರವು ನಿಲ್ಲಿಸಿತು. ಕೈಬಿಟ್ಟ ಕೆಲಸವನ್ನು ಭಾರತದ ಇಂಜಿನಿಯರುಗಳೇ ಎತ್ತಿಕೊಂಡರು. ಬಿಡಿಭಾಗ, ಭಾರಜಲ, ಯಂತ್ರಗಳು ಎಲ್ಲವನ್ನೂ ಇಲ್ಲೇ ಮಾಡಿಕೊಳ್ಳಬೇಕಾಯಿತು. ಆ ಘಟಕ ಮುಗಿಯಲು 1981 ಬಂತು. ಹಾಗೆ ಕಲಿತ ವಿದ್ಯೆಯಿಂದಲೇ ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ, ಕೊನೆಗೆ ನಮ್ಮ ಕೈಗಾ. ಈ ಕೆಲಸದ ಮುಂಚೂಣಿಯಲ್ಲಿದ್ದವರು ಬೆಂಗಳೂರಿನಲ್ಲಿ ಹುಟ್ಟಿದ ಎಂ.ಆರ್. ಶ್ರೀನಿವಾಸನ್. 1955ರಲ್ಲಿ ಭಾಭಾ ಅವರ ತಂಡ ಸೇರಿ, 'ಅಪ್ಸರಾ' ರಿಯಾಕ್ಟರಿನಿಂದ ಕೆಲಸ ಆರಂಭಿಸಿದವರು. 1987ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಸ್ಥಾನವನ್ನು ರಾಜಾ ರಾಮಣ್ಣ ಅವರಿಂದ ವಹಿಸಿಕೊಂಡರು. ಅವರಿದ್ದಾಗಲೇ, 1989ರಲ್ಲಿ, ಕಾಳಿ ಕಣಿವೆಯಲ್ಲಿ ಕೈಗಾದ ಕಾಂಕ್ರೀಟ್ ಬಿತ್ತು. ರಾಮಣ್ಣನಿಂದ ಶ್ರೀನಿವಾಸನ್‌ಗೆ ಹೋದ ಆ ಕುರ್ಚಿಯ ಸುತ್ತಲೇ ಒಂದು ಸರಣಿಗಾಗುವಷ್ಟು ಸರಕು ಇದೆ.

ಕಾರವಾರದಿಂದ ಕಾಳಿಯ ಗುಂಟ ಒಳನಾಡಿಗೆ ಹೊರಟರೆ ಮಲ್ಲಾಪುರ. ಕೈಗಾ ನೌಕರರ ಟೌನ್‌ಶಿಪ್ ಇರುವುದು ಇಲ್ಲಿ. ಬದಿಯಲ್ಲೇ ಕದ್ರಾ ಅಣೆಕಟ್ಟು, ಸುತ್ತ ಘಟ್ಟದ ಕಾಡು. ಮಳೆಗಾಲದಲ್ಲಿ ಈ ಕ್ವಾರ್ಟರ್ಸಿನ ಗೋಡೆಗಳು ಪಾಚಿ ಹಿಡಿದು ಹಸಿರಾಗುತ್ತವೆ. ಒಂದೇ ಮೆಟ್ಟಿಲಸಾಲಿನಲ್ಲಿ ತಮಿಳು, ಮಲಯಾಳ, ತೆಲುಗು, ಹಿಂದಿ, ಕೊಂಕಣಿ, ಕನ್ನಡ ಎಲ್ಲವೂ ಕೇಳುತ್ತವೆ. 'ರಾಕೆಟ್ ಬಾಯ್ಸ್' ನೋಡುವ ರೀತಿಯೂ ಇಲ್ಲಿ ಬೇರೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಒಳಕೋಣೆಯಲ್ಲಿ ಪರದೆ ಎಳೆದು ಮಲಗಿರುತ್ತಾನೆ. ಹೊರಗೆ ಹೆಂಡತಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಕುಕ್ಕರಿನ ಸಿಳ್ಳೆ ಕೂಗದಂತೆ ಒಲೆ ಸಣ್ಣ ಮಾಡಿ, ಮೃಣಾಲಿನಿ ಸಾರಾಭಾಯಿಯ ಒಂಟಿತನ ನೋಡುತ್ತಾಳೆ. ರೆಜಿನಾ ಕಸಾಂದ್ರ ಮಾಡಿದ ಆ ಪಾತ್ರ ಇಲ್ಲಿನ ಹೆಂಗಸರಿಗೆ ಬಹಳ ಹತ್ತಿರದ್ದು. "ಅವಳ ಗಂಡ ದೇಶಕ್ಕೆ ರಾಕೆಟ್ ಕಟ್ಟಿದ, ನಮ್ಮವ್ರು ಕರೆಂಟ್ ಮಾಡ್ತಾರೆ. ಹಬ್ಬದ ದಿನ ಮನೇಲಿಲ್ಲದೇ ಇರೂದು ಇಬ್ರದ್ದೂ ಒಂದೇ" ಎಂದು ಒಬ್ಬರು ಹೇಳಿದರು. ಅವರ ಮೂರು ವರ್ಷದ ಮಗನಿಗೆ ಹಗಲಲ್ಲಿ ಪಿಸುಗುಟ್ಟಿ ಮಾತಾಡುವುದು ಆಗಲೇ ರೂಢಿಯಾಗಿದೆ.

ಇದೇ ಜನ 2019ರಲ್ಲಿ ಐದು ಕಂತಿನ 'ಚೆರ್ನೋಬಿಲ್' ಅನ್ನೂ ನೋಡಿದ್ದರು. ಅದರ ಕೊನೆಯ ಕಂತು ಕೋರ್ಟಿನಲ್ಲಿ ನಡೆಯುತ್ತದೆ. ಲೆಗಾಸೊವ್ ಎಂಬ ವಿಜ್ಞಾನಿ ಕೆಂಪು, ನೀಲಿ ಫಲಕಗಳನ್ನು ಒಂದೊಂದಾಗಿ ಜೋಡಿಸುತ್ತ ರಿಯಾಕ್ಟರು ಹೇಗೆ ಕೈತಪ್ಪಿತು ಎಂದು ವಿವರಿಸುತ್ತಾನೆ. ನಿಜದ ಲೆಗಾಸೊವ್ ಆ ವಿಚಾರಣೆಯಲ್ಲಿ ಇರಲೇ ಇಲ್ಲ. ಆದರೂ ಆ ದೃಶ್ಯವನ್ನು ಟೌನ್‌ಶಿಪ್ಪಿನವರು ಮೆಚ್ಚುತ್ತಾರೆ, ಏಕೆಂದರೆ ಅಲ್ಲಿ ನಾಟಕ ಇರುವುದು ಕೆಲಸದ ವಿವರದಲ್ಲಿ. ಪೋಖ್ರಾನಿನ ಕಂತಿನಲ್ಲಿ ಅವರಿಗೆ ಸಿಗದೆ ಹೋದದ್ದು ಅದೇ. ಭಾವುಕತೆ ತುಂಬ ಇತ್ತು, ಕೆಲಸ ಕಡಿಮೆ.

ಹಾಗಾದರೆ ಕೈಗಾದ ಕೆಲಸ ಎಂಥದು? ಒಂದನ್ನು ಹತ್ತಿರದಿಂದ ನೋಡೋಣ. ಇಲ್ಲಿನ ನಾಲ್ಕೂ ಘಟಕಗಳು 220 ಮೆಗಾವಾಟಿನವು, ನೈಸರ್ಗಿಕ ಯುರೇನಿಯಂ ಮತ್ತು ಭಾರಜಲ ಬಳಸುವಂಥವು. ರಿಯಾಕ್ಟರಿನ ಒಳಗೆ ಅಡ್ಡಲಾಗಿ 306 ಕೊಳವೆಗಳಿವೆ. ಪ್ರತಿ ಕೊಳವೆಯಲ್ಲೂ ಅರ್ಧ ಮೀಟರ್ ಉದ್ದದ 12 ಇಂಧನದ ಕಟ್ಟುಗಳು, ಒಂದೊಂದು ಕಟ್ಟಿನಲ್ಲೂ 19 ಕಡ್ಡಿಗಳು. ಇಂಧನ ಬದಲಿಸಲು ರಿಯಾಕ್ಟರನ್ನು ನಿಲ್ಲಿಸಬೇಕಾಗಿಲ್ಲ. ಎರಡು ಫ್ಯೂಯೆಲಿಂಗ್ ಮಷೀನುಗಳು ಒಂದು ಕೊಳವೆಯ ಎರಡೂ ತುದಿಗೆ ಬಂದು ಕಚ್ಚಿಕೊಳ್ಳುತ್ತವೆ. ಒಳಗಿನ ಒತ್ತಡಕ್ಕೆ ತಮ್ಮ ಒತ್ತಡ ಸರಿಹೊಂದಿಸಿಕೊಂಡು ಮುಚ್ಚಳ ತೆಗೆಯುತ್ತವೆ. ಒಂದು ಕಡೆಯಿಂದ ಹೊಸ ಕಟ್ಟು ಒತ್ತಿದಂತೆ ಇನ್ನೊಂದು ಕಡೆಯ ಮಷೀನು ಹಳೆಯದನ್ನು ತೆಗೆದುಕೊಳ್ಳುತ್ತದೆ. ಮತ್ತೆ ಮುಚ್ಚಳ, ಸೋರುತ್ತಿಲ್ಲವೆಂದು ಪರೀಕ್ಷೆ. ಇಷ್ಟೂ ಹೊತ್ತು ರಿಯಾಕ್ಟರು ತುಂಬು ಶಕ್ತಿಯಲ್ಲಿ ಓಡುತ್ತಲೇ ಇರುತ್ತದೆ. ಇದನ್ನು ಮಾಡಿಸುವವರು ದೂರದ ಕಂಟ್ರೋಲ್ ರೂಮಿನಲ್ಲಿ ಕೂತು ಒಂದೊಂದು ಹೆಜ್ಜೆಗೂ ಅಳತೆ ನೋಡಿ ಮುಂದುವರಿಯುತ್ತಾರೆ. ಎದೆಗೆ ಸಿಕ್ಕಿಸಿದ ಬ್ಯಾಡ್ಜು ಅವರವರ ಮೈಗೆ ಎಷ್ಟು ವಿಕಿರಣ ತಾಗಿತೆಂಬ ಲೆಕ್ಕ ಇಡುತ್ತದೆ.

ಈ ವಿದ್ಯೆಯ ಫಲ 2018ರಲ್ಲಿ ಕಂಡಿತು. ಕೈಗಾದ ಒಂದನೇ ಘಟಕ 2016ರ ಮೇ 13ರಂದು ಗ್ರಿಡ್ಡಿಗೆ ಸೇರಿದ್ದು ಒಮ್ಮೆಯೂ ನಿಲ್ಲದೆ ಓಡಿತು. ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು 2018ರ ಡಿಸೆಂಬರ್ 10ರಂದು ದಾಟಿತು. ತಪಾಸಣೆಗೆಂದು ಡಿಸೆಂಬರ್ 31ರಂದು ನಿಲ್ಲಿಸಿದಾಗ ಲೆಕ್ಕ 962 ದಿನ. ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ, ಮಳೆ, ಸಿಡಿಲು, ದೀಪಾವಳಿ, ಜಾತ್ರೆ ಯಾವುದಕ್ಕೂ ನಿಲ್ಲದೆ, ಪಾಳಿಯ ಮೇಲೆ ಪಾಳಿ. ಮುಂದೆ ಆ ದಾಖಲೆಯನ್ನು ಮುರಿದದ್ದು ಡಾರ್ಲಿಂಗ್ಟನ್‌ನ ರಿಯಾಕ್ಟರು, ಅದೂ ಕೆನಡಾದ್ದು. 1974ರಲ್ಲಿ ಮುನಿದು ಹೋದ ಗುರುವೂ ಏಕಲವ್ಯನಂತೆ ಕಲಿತ ಶಿಷ್ಯನೂ ಒಂದೇ ಪಟ್ಟಿಯಲ್ಲಿ ಮುಖಾಮುಖಿಯಾದರು. ಯಾವ ಚಿತ್ರಕಥೆಗಾರನೂ ಇದಕ್ಕಿಂತ ಚೆನ್ನಾಗಿ ಬರೆಯಲಾರ.

ಅಂಕೋಲೆಯ ಜಗಲಿಯಲ್ಲಿ ಮಾವನಿಗೆ ನೆನಪಾದ ಮೇ 13 ಬೇರೆಯದು. ಕೈಗಾ ಕಟ್ಟುವ ಕಾಲದಲ್ಲಿ ಕಂತ್ರಾಟುದಾರರ ಕೈಕೆಳಗೆ ದುಡಿದವರು ಅವರು. 1994ರ ಮೇ 13ರಂದು ಅದೇ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರು ಕಳಚಿ ಕೆಳಗೆ ಬಿತ್ತು. ಒಳಗೆ ಇಂಧನ ಇನ್ನೂ ತುಂಬಿರಲಿಲ್ಲ. ಗುಮ್ಮಟವನ್ನು ಮತ್ತೆ ಲೆಕ್ಕ ಹಾಕಿ, ಮತ್ತೆ ವಿನ್ಯಾಸ ಮಾಡಿ ಕಟ್ಟಬೇಕಾಯಿತು. ಹೀಗೆ ವರ್ಷಗಳು ಹೋದವು. ಒಂದನೇ ಘಟಕಕ್ಕಿಂತ ಎರಡನೆಯದೇ ಮೊದಲು, 2000ದ ಮಾರ್ಚಿನಲ್ಲಿ, ವಾಣಿಜ್ಯ ಉತ್ಪಾದನೆ ಆರಂಭಿಸಿತು. ಒಂದನೆಯದು ಅದೇ ವರ್ಷ ನವೆಂಬರಿನಲ್ಲಿ. "ಆ ಸುದ್ದಿ ಬಂದ ದಿನ ಮನೆಯಲ್ಲಿ ಯಾರೂ ಉಣಲಿಲ್ಲ" ಎಂದರು ಮಾವ. ಅಷ್ಟು ಹೇಳಿ ಕಷಾಯದ ಲೋಟ ಕೆಳಗಿಟ್ಟರು. ಕುಸಿದ ಘಟಕವೇ ಇಪ್ಪತ್ತೆರಡು ವರ್ಷಗಳ ನಂತರ, ಅದೇ ತಾರೀಖಿನಂದು, ದಾಖಲೆಯ ಓಟ ಸುರು ಮಾಡಿದ್ದು ಅಳಿಯನಿಗೂ ಆವರೆಗೆ ಹೊಳೆದಿರಲಿಲ್ಲ.

ಆಗ ಮಾತಾಡಿದವರು ಪಕ್ಕದ ಮನೆಯವರು. ಸೀಬರ್ಡ್ ನೌಕಾನೆಲೆಗೆ ಮನೆ, ತೆಂಗಿನ ಹಿತ್ತಲು ಬಿಟ್ಟುಕೊಟ್ಟು ಈ ಕಡೆ ಬಂದು ನೆಲೆಸಿದ ಕುಟುಂಬ. "ಮೊದಲನೇ ಭಾಗದಲ್ಲಿ ತುಂಬಾ ಅನ್ನೂ ಊರು ಬಂತಲ್ಲ, ರಾಕೆಟ್ ಹಾರಿಸೂಕೆ ಜಾಗ ಬಿಟ್ಟವ್ರು. ಅವ್ರು ಆಮೇಲೆ ಎಲ್ಲಿಗೆ ಹೋದ್ರು ಅಂತ ಯಾರಾದ್ರೂ ತೋರಿಸಿದ್ರಾ?"

ಯಾರಿಗೂ ಉತ್ತರ ಇರಲಿಲ್ಲ. ತುಂಬಾದ ಮೀನುಗಾರರು ತಮ್ಮ ಸೇಂಟ್ ಮೇರಿ ಮಗ್ದಲೀನ್ ಚರ್ಚನ್ನೇ ಸಾರಾಭಾಯಿ ಅವರ ಕೈಗೆ ಒಪ್ಪಿಸಿದ್ದರು. ಆ ಚರ್ಚು ಮೊದಲು ಕಚೇರಿಯಾಯಿತು, ಈಗ ಬಾಹ್ಯಾಕಾಶ ಸಂಗ್ರಹಾಲಯ. ನಮ್ಮ ಜಿಲ್ಲೆಯಲ್ಲಿ ಇಂಥ ತ್ಯಾಗಗಳಿಗೆ ಲೆಕ್ಕವಿಲ್ಲ. ಕಾಳಿಯ ಅಣೆಕಟ್ಟುಗಳು, ಕೈಗಾ, ಸೀಬರ್ಡ್, ಒಂದರ ಹಿಂದೆ ಒಂದರಂತೆ ಊರುಗಳನ್ನು ಎಬ್ಬಿಸಿದವು. ಕೈಗಾ ಬೇಡವೆಂದು ಜನ ಬೀದಿಗಿಳಿದಿದ್ದರು. ಹೊನ್ನಾವರದ ಕಾಸರಕೋಡಿನ ಸ್ನೇಹಕುಂಜದಿಂದ ಡಾ. ಕುಸುಮಾ ಸೊರಬ ಹಳ್ಳಿಹಳ್ಳಿಗೆ ನಡೆದು ಹೋಗಿ ಜನರನ್ನು ಸಂಘಟಿಸಿದರು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಈ ಕ್ಷೇತ್ರದಿಂದಲೇ ಪರಿಸರದ ಪರವಾಗಿ ನಿಂತು ಸೋತರು. ಅವರ ಪ್ರಶ್ನೆಗಳು ಸೋಲಲಿಲ್ಲ. ಗುಮ್ಮಟ ಬಿದ್ದಾಗಲೂ, 2009ರಲ್ಲಿ ಸ್ಥಾವರದ ಕುಡಿಯುವ ನೀರಿನ ಕೂಲರಿಗೆ ವಿಕಿರಣಶೀಲ ಟ್ರಿಷಿಯಂ ಬೆರೆತಾಗಲೂ ಅವೇ ಪ್ರಶ್ನೆಗಳು ಮತ್ತೆ ಎದ್ದವು. 2017ರಲ್ಲಿ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ ಕೇಂದ್ರ ಒಪ್ಪಿಗೆ ಕೊಟ್ಟ ಮೇಲೆ ಇನ್ನೊಮ್ಮೆ. ಮೇಘನಾದ ಸಹಾ ಸಂಸತ್ತಿನಲ್ಲಿ ಕೇಳಿದ್ದಕ್ಕೂ ಕುಸುಮಾ ಸೊರಬ ಹಳ್ಳಿಯಲ್ಲಿ ಕೇಳಿದ್ದಕ್ಕೂ ಬಹಳ ದೂರವಿಲ್ಲ. ಅಕ್ಕೋರು ಅಷ್ಟು ನೊಂದುಕೊಂಡದ್ದು ಇದಕ್ಕೇ ಇರಬೇಕು.

ಕಾರವಾರದ ಟಾಗೋರ್ ಕಡಲತೀರದಲ್ಲೂ ಆ ವಾರ ಇದೇ ಚರ್ಚೆ. ಚಪಲ್ ಯುದ್ಧನೌಕೆಯ ಹತ್ತಿರದ ಕಟ್ಟೆಗಳ ಮೇಲೆ ಸಂಜೆ ವಾಕಿಂಗಿನ ನಿವೃತ್ತರು ಕೂಡುತ್ತಾರೆ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರರು ಈ ಕಡಲ ದಂಡೆಯಲ್ಲೇ ಒಂದು ನಾಟಕ ಬರೆದರು. ವಿಕ್ರಮ್ ಸಾರಾಭಾಯಿ ಕೇಂಬ್ರಿಡ್ಜಿಗೆ ಹೊರಟಾಗ ಶಿಫಾರಸು ಪತ್ರ ಕೊಟ್ಟವರೂ ಅದೇ ರವೀಂದ್ರರು. ಹಾಗಾಗಿ ಸಾರಾಭಾಯಿ ಈ ಊರಿನವರಿಗೆ ಒಂದು ಸುತ್ತಿನ ನೆಂಟರೂ ಹೌದು ಎಂದು ಇಲ್ಲಿನ ಹಿರಿಯರು ಪ್ರೀತಿಯಿಂದ ವಾದಿಸುತ್ತಾರೆ.

ಇಷ್ಟು ಕೇಳಿ, ನೋಡಿ ನನಗೆ ಕನ್ನಡದಲ್ಲಿ ಧಾರಾವಾಹಿ ಬರೆಯುವವರಿಗೆ, ತೆಗೆಯುವವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಕಚೇರಿಯ ಒಳಗನ್ನೇ ರಣರಂಗವಾಗಿಸಿ 1979ರಲ್ಲೇ 'ಶಿಕಾರಿ' ಬರೆದ ಯಶವಂತ ಚಿತ್ತಾಲರು ಇಲ್ಲೇ ಹತ್ತಿರದ ಹನೇಹಳ್ಳಿಯವರು. 'ಮಾಲ್ಗುಡಿ ಡೇಸ್' ತೆಗೆದು ಹಳೆಯ ಕಾಲದ ಊರೊಂದನ್ನು ಇಡೀ ದೇಶದ ಮನೆಗೆ ತಲುಪಿಸಿದ ಶಂಕರ್ ನಾಗ್ ಹೊನ್ನಾವರದವರು. ದುಡಿಮೆಯ ಕಥೆ ಹೇಳುವ ಕಸುವು ಈ ನೆಲಕ್ಕೆ ಹೊಸದಲ್ಲ. ಮುಂಬಯಿಯವರು ಟ್ರಾಂಬೆಯ ಕಥೆ ಹೇಳಿದರು, ಚೆನ್ನಾಗಿಯೇ ಹೇಳಿದರು. ಕಾಳಿ ದಂಡೆಯ ಕಥೆಯನ್ನು ಕನ್ನಡದವರೇ ಹೇಳಬೇಕು. ಗುಮ್ಮಟ ಕಟ್ಟಿದವರು, ಊರು ಬಿಟ್ಟವರು, ಬೇಡವೆಂದು ಧರಣಿ ಕೂತವರು, ರಾತ್ರಿ ಪಾಳಿಯವರು, ಅವರ ಮನೆಯವರು ಎಲ್ಲರೂ ಅದರಲ್ಲಿರಬೇಕು. ಅವರಲ್ಲಿ ಅನೇಕರು ನಿವೃತ್ತರಾಗಿ ಕಾರವಾರ, ಅಂಕೋಲೆಗಳಲ್ಲೇ ಇದ್ದಾರೆ. ಕೂರಿಸಿಕೊಂಡು ಕೇಳಿದರೆ ಮನಸ್ಸು ಬಿಚ್ಚಿ ಹೇಳುತ್ತಾರೆ. ಎಲ್ಲರಿಗೂ ವಯಸ್ಸಾಗುತ್ತಿದೆ. ಬರೆಯುವವರು ಬೇಗ ಬರಲಿ.